ಆನೆ ನೋಡಿದವರ ಮುಂದೆ ಯಂತ್ರ ನಡೆಸಬೇಡಿ

ಕಾಲಿರುವ ಯಂತ್ರವನ್ನು ಕಂಪ್ಯೂಟರಿನೊಳಗೆ ನಡೆಸುವುದು ಕಷ್ಟದ ಕೆಲಸ. ನಡೆಸಿದ್ದನ್ನು ಕೊಡಗಿನ ಸಿದ್ದಾಪುರದ ಕಡೆಯ ತೋಟದವರಿಗೆ ತೋರಿಸಿ ಭೇಷ್ ಅನ್ನಿಸಿಕೊಳ್ಳುವುದು ಇನ್ನೂ ಕಷ್ಟ. ಇಲ್ಲಿ ಎಲ್ಲರೂ ಕಾಡಾನೆ ಹೆಜ್ಜೆ ನೋಡಿದವರು. ಕೆಸರಿನಲ್ಲಿ ಹೂತ ಜೀಪಿಗೆ ಹೆಗಲು ಕೊಟ್ಟವರು. ಭಾರ ಅಂದರೆ ಏನು ಅಂತ ಇವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಪಾಪ, ನಿಶಾಂತನಿಗೆ ಇದು ಹೊಳೆದಿರಲಿಲ್ಲ. ಅವನು ಚಂಗಪ್ಪಣ್ಣನ ಅಕ್ಕನ ಮಗ. ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿನ್ನಲು ಬಂದವನು, ರಸ್ತೆಗೆ ಮರ ಬಿದ್ದು ಇಲ್ಲೇ ಉಳಿದ. ಕೆಲಸವೂ ಅವನ ಹಿಂದೆಯೇ ಬಂದಿತ್ತು. ನಾಲ್ಕು ಕಾಲಿನ ಭಾರೀ ಕಬ್ಬಿಣದ ಯಂತ್ರವೊಂದು ಗುಡ್ಡ ಇಳಿದು ಬರುವ ಹತ್ತು ಸೆಕೆಂಡಿನ ದೃಶ್ಯ. ಜಾಹೀರಾತಿಗಂತೆ. ಯಾವುದರ ಜಾಹೀರಾತು ಅಂತ ಬಾಯಿ ಬಿಡಬಾರದಂತೆ. ಸಿಮೆಂಟೇ ಇರಬೇಕು ಅಂತ ನಾವು ತೀರ್ಮಾನ ಮಾಡಿದೆವು.

ಚಂಗಪ್ಪಣ್ಣನ ಜಗಲಿಯಲ್ಲಿ ಜೀಪ್ ರಿಪೇರಿ ರಝಾಕ್, ಆನೆ ವಾಚರ್ ಮುತ್ತಣ್ಣ, ಗಣಿತದ ಮೇಷ್ಟ್ರು, ನಾನು. ಹೊರಗೆ ಮಳೆ. ಬೇರೆ ಕೆಲಸ ಯಾರಿಗಿತ್ತು? ನಿಶಾಂತ್ ತೋರಿಸಿದ. ತುಕ್ಕು ನಿಜವಾದ ತುಕ್ಕೇ. ರಿವಿಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು. ಹೊಗೆಯೂ ಇತ್ತು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಮುತ್ತಣ್ಣ ಮಾತ್ರ ತಲೆ ತಗ್ಗಿಸಿ ಪರದೆಯ ಕೆಳಗಿನ ಅಂಚನ್ನೇ ನೋಡುತ್ತಿದ್ದರು.

"ಇದು ನಡೀತಾ ಇಲ್ಲ ಮಗ. ಮೇಲೆ ಯಾರೋ ಎತ್ತಿ ಹಿಡ್ಕೊಂಡಿದ್ದಾರೆ, ಕೆಳಗೆ ಕಾಲು ಆಡಿಸ್ತಾ ಇದೆ."

ನಿಶಾಂತ್‌ ಮುಖ ಸಣ್ಣದಾಯಿತು. ಮತ್ತೆ ನಿಧಾನಕ್ಕೆ ಓಡಿಸಿ ನೋಡಿದರೆ ಹೌದು, ಊರಿದ ಕಾಲು ಊರಿದ ಜಾಗದಲ್ಲಿ ನಿಲ್ಲುತ್ತಿಲ್ಲ. ಒಂದಿಷ್ಟು ಮುಂದಕ್ಕೆ ಜಾರುತ್ತಿದೆ.

"ಕಂಪ್ಯೂಟರಿಗೆ ನೆಲ ಅನ್ನೋದು ಗೊತ್ತಿಲ್ಲ ಅಂಕಲ್," ಅಂದ. "ನೆಲ ಬರೀ ಚಿತ್ರ. ಕಾಲು ಅದರೊಳಗೆ ಹೊಕ್ಕರೂ ಅದಕ್ಕೆ ಚಿಂತೆ ಇಲ್ಲ. ಅದಕ್ಕೇ ನಾವು ಪಾದವನ್ನ ಒಂದು ಕಡೆ ಮೊಳೆ ಹೊಡೆದ ಹಾಗೆ ನಿಲ್ಲಿಸ್ತೀವಿ. ಮೈ ಮುಂದೆ ಹೋಗುತ್ತೆ. ಮಧ್ಯದಲ್ಲಿ ಮೊಣಕಾಲು ಎಷ್ಟು ಬಾಗಬೇಕು ಅಂತ ಕಂಪ್ಯೂಟರೇ ಲೆಕ್ಕ ಹಾಕುತ್ತೆ. ಇನ್ವರ್ಸ್ ಕೈನೆಮ್ಯಾಟಿಕ್ಸ್ ಅಂತಾರೆ. ಬ್ಲೆಂಡರ್‌ನಂಥ ಪುಕ್ಕಟೆ ಸಾಫ್ಟ್‌ವೇರಿನಲ್ಲೂ ಇದೆ."

ಮೇಷ್ಟ್ರು ಎದ್ದು ಕೂತರು. "ತೊಡೆ ಒಂದು ಬಾಹು, ಕಾಲು ಒಂದು ಬಾಹು, ಸೊಂಟದಿಂದ ಪಾದಕ್ಕೆ ಇರೋ ದೂರ ಮೂರನೇದು. ಮೂರೂ ಬಾಹು ಗೊತ್ತು, ಕೋನ ಕಂಡುಹಿಡಿ. ಪಿಯುಸಿ ತ್ರಿಕೋನಮಿತಿ! ಮೂವತ್ತು ವರ್ಷದಿಂದ ಮಕ್ಕಳು ಕೇಳ್ತಾ ಇದ್ರು, ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್ ಅಂತ."

"ಸಿಮೆಂಟ್ ಮಾರೋಕೆ ಅಂತ ಹೇಳಿ," ಅಂದರು ಚಂಗಪ್ಪಣ್ಣ.

ನಿಶಾಂತ್ ಅಲ್ಲೇ ಕೂತು ಪಾದ ಸರಿ ಮಾಡಿದ. ಈಗ ಜಾರುವುದು ನಿಂತಿತು. ಆದರೂ ಎಲ್ಲೋ ಏನೋ ಎಡವಟ್ಟು. ಕಬ್ಬಿಣದ ಗುಡ್ಡ ಅಂತ ಅನ್ನಿಸುತ್ತಲೇ ಇಲ್ಲ. ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು, ಕಾಫಿ ಮೂಟೆ ಹೊಲಿಯುವ ದಾರಕ್ಕೆ ಕಟ್ಟಿದರು. ಮೊದಲು ಒಂದು ಗೇಣು ಬಿಟ್ಟು ತೂಗಿದರು. ಬೀಗದ ಕೈ ಪಟಪಟ ಅಂತ ಆ ಕಡೆ ಈ ಕಡೆ ಹೋಯಿತು. ಆಮೇಲೆ ಕುರ್ಚಿ ಮೇಲೆ ಹತ್ತಿ ನಾಲ್ಕು ಗೇಣು ಬಿಟ್ಟರು. ಈಗ ಸಾವಕಾಶ. ಚಂಗಪ್ಪಣ್ಣ ವಾಚು ಹಿಡಿದು ಎಣಿಸಿದರು. ಉದ್ದ ನಾಲ್ಕು ಪಟ್ಟು ಆದರೆ ಹೊತ್ತು ಎರಡು ಪಟ್ಟು.

"ಹದಿನಾರು ಪಟ್ಟು ಉದ್ದ ಆದ್ರೆ ನಾಲ್ಕು ಪಟ್ಟು ಹೊತ್ತು," ಅಂದರು ಮೇಷ್ಟ್ರು ಕುರ್ಚಿ ಮೇಲಿಂದಲೇ. "ಕಾಲೂ ತೂಗಾಡೋದೇ ಅಲ್ವಾ. ನಿನ್ನ ಯಂತ್ರ ಎರಡು ಮಹಡಿ ಎತ್ತರ ಇದೆ, ಹೆಜ್ಜೆ ಮಾತ್ರ ಕುರಿಮರಿದು. ಅದಕ್ಕೇ ಆಟದ ಸಾಮಾನಿನ ಹಾಗೆ ಕಾಣ್ತದೆ."

ಸಣ್ಣ ಮಾದರಿ ಇಟ್ಟು ಸಿನಿಮಾ ತೆಗೆಯುವವರದ್ದೂ ಇದೇ ಲೆಕ್ಕವಂತೆ. ಮಾದರಿ ನಿಜದ ಹದಿನಾರನೇ ಒಂದು ಪಾಲು ಇದ್ದರೆ, ಕ್ಯಾಮೆರಾವನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ಹಿಡಿಯುತ್ತಾರೆ. ಮಾಮೂಲಿ ವೇಗದಲ್ಲಿ ತೋರಿಸಿದಾಗ ಅದು ದೊಡ್ಡದಾಗಿ ಕಾಣುತ್ತದೆ.

ರಝಾಕ್ ಒಪ್ಪಲಿಲ್ಲ. "ಎಂಜಿನ್ ಇದೆಯಲ್ಲ ಸಾರ್. ಕಾಲನ್ನ ಬೇಗ ಎಳೀಬಹುದು."

"ಎಳಿ. ಡೀಸೆಲ್ ಯಾರಪ್ಪನ ಮನೆದು? ಅದೂ ಅಲ್ದೆ, ಎತ್ತಿದ ಕಾಲನ್ನ ಎಂಜಿನ್ ಎಳೆಯುತ್ತೆ ಸರಿ. ಮೈ ಕೆಳಕ್ಕೆ ಕುಸಿಯೋದು ಭೂಮಿ ಎಳೆತದಿಂದ. ಅದರ ವೇಗ ಬದಲಾಯಿಸೋಕೆ ನಿನ್ನ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಇದೆಯಾ?"

ಇಲ್ಲಿ ರಝಾಕ್ ಸೋತ. ಸೋತವನು ಸುಮ್ಮನಿರುವ ಜಾಯಮಾನದವನಲ್ಲ. ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಪರದೆಗೆ ಹತ್ತಿರ ಹೋದ. ಯಂತ್ರದ ಮೊಣಕಾಲಿನ ಹಿಂದೆ ಹೈಡ್ರಾಲಿಕ್ ಸಿಲಿಂಡರ್ ಇತ್ತು. ಕಾಲು ಮಡಚಿದಾಗ ಕಡ್ಡಿ ಇಟ್ಟು ಅಳೆದ: ಮೂರು ಬೆರಳು. ಕಾಲು ಚಾಚಿದಾಗ ಅಳೆದ: ಒಂಬತ್ತು ಬೆರಳು.

"ಮೂರು ಬೆರಳಿನ ಸಿಲಿಂಡರಿನ ಒಳಗಿಂದ ಆರು ಬೆರಳಿನ ರಾಡ್ ಎಲ್ಲಿಂದ ಬಂತು ತಮ್ಮಾ? ಒಳಗೆ ಕೂರೋ ರಾಡ್ ಸಿಲಿಂಡರಿಗಿಂತ ಉದ್ದ ಇರೋಕೆ ಆಗುತ್ತಾ? ಎಷ್ಟೇ ಚಾಚಿದ್ರೂ ಮಡಚಿದ್ದರ ಎರಡು ಪಟ್ಟು ಮುಟ್ಟಲ್ಲ."

"ಟಿಪ್ಪರ್‌ದು ಹಾಗೇ ಉದ್ದ ಆಗುತ್ತಲ್ಲ?"

"ಟಿಪ್ಪರ್‌ದು ಪದರ ಪದರ. ಒಂದರೊಳಗೆ ಒಂದು. ನೀನು ಬರೆದಿರೋದು ಒಂದೇ ರಾಡು. ಇನ್ನೊಂದು, ಟಿಪ್ಪರ್ ಜಾಕು ಸಾಮಾನ್ಯವಾಗಿ ಎತ್ತೋದು ಅಷ್ಟೇ, ಇಳಿಯೋದು ತೊಟ್ಟಿಯ ಭಾರದಿಂದ. ಕಾಲನ್ನ ಚಾಚಲೂ ಬೇಕು, ಮಡಚಲೂ ಬೇಕು ಅಂದ್ರೆ ಜೆಸಿಬಿ ಕೈ ನೋಡು. ಎರಡು ಪೈಪ್ ಇರುತ್ತೆ, ಎರಡೂ ಕಡೆಯಿಂದ ಎಣ್ಣೆ."

ಆಮೇಲೆ ರಝಾಕ್ ಪಟ್ಟಿ ಶುರುವಾಯಿತು. ಕೀಲಿಗೆ ಗ್ರೀಸ್ ನಿಪ್ಪಲ್ ಇಲ್ಲ. ಪೈಪುಗಳು ಅಲ್ಲಾಡುತ್ತಿಲ್ಲ. ಕಾಲು ಊರಿದ ಮೇಲೆ ಮೈ ಒಂದು ಸಲ ಕುಸಿದು, ಸ್ವಲ್ಪ ಮೇಲೆದ್ದು, ಆಮೇಲೆ ನಿಲ್ಲಬೇಕು. ಇದು ಗಕ್ಕಂತ ನಿಲ್ಲುತ್ತಿದೆ. ಕೀಲಿನ ಬುಷ್ಷಿನಲ್ಲಿ ಒಂಚೂರೂ ಪ್ಲೇ, ಅಂದರೆ ಸಡಿಲ, ಇಲ್ಲ. "ಪ್ಲೇ ಇಲ್ಲದ ಹಳೇ ಗಾಡಿ ನಾನು ಹುಟ್ಟಿದಾಗಿಂದ ನೋಡಿಲ್ಲ. ತುಕ್ಕು ಹಾಕಿದ್ಯಾ, ಸವೆತ ಹಾಕಿಲ್ಲ." ನಿಶಾಂತ್ ಬರೆದುಕೊಂಡ. ನನಗೂ ಇದೇ ಸರಿ ಅನ್ನಿಸಿತು. ಈ ಹುಡುಗರು ಬಣ್ಣಕ್ಕೆ ಸುರಿಯುವ ಬೆವರಿನ ಅರ್ಧವನ್ನು ಕೀಲಿಗೆ ಸುರಿದರೆ ಸಾಕು.

ಅಷ್ಟು ಹೊತ್ತಿಗೆ ಕಾಫಿ ಬಂತು, ಜೊತೆಗೆ ಹಲಸಿನಕಾಯಿ ಚಿಪ್ಸ್. ಮುತ್ತಣ್ಣ ಚಿಪ್ಸ್ ಕೈಯಲ್ಲಿ ಹಿಡಿದೇ ಎರಡನೇ ಬಾಂಬ್ ಹಾಕಿದರು.

"ಕಾಲು ಎತ್ತೋ ಕ್ರಮವೇ ತಪ್ಪು. ಇದು ಎಡಗಡೆ ಮುಂದಿಂದು, ಬಲಗಡೆ ಹಿಂದಿಂದು ಒಟ್ಟಿಗೆ ಎತ್ತುತ್ತೆ. ಕುದುರೆ ಕುಕ್ಕುಲೋಟದಲ್ಲಿ ಓಡುವಾಗ ಹಾಗೆ. ಇಷ್ಟು ಭಾರದ್ದು ಹಾಗೆ ಮಾಡಲ್ಲ. ಆನೆ ಮೊದಲು ಹಿಂದಿನ ಎಡಗಾಲು, ಆಮೇಲೆ ಮುಂದಿನ ಎಡಗಾಲು. ಆಮೇಲೆ ಹಿಂದಿನ ಬಲ, ಮುಂದಿನ ಬಲ. ಮುಂದಿನ ಕಾಲು ಎದ್ದ ಗುರುತಿನ ಮೇಲೇ ಹೆಚ್ಚುಕಡಿಮೆ ಹಿಂದಿನ ಕಾಲು ಬಂದು ಕೂರುತ್ತೆ. ಕೆಸರಲ್ಲಿ ಹೋಗಿ ನೋಡು."

ಮೇಷ್ಟ್ರಿಗೆ ಮತ್ತೆ ಹುರುಪು. ನಾಲ್ಕು ಕಾಲನ್ನು ಒಂದಾದ ಮೇಲೆ ಒಂದರಂತೆ ಎತ್ತಲು ಒಟ್ಟು ಆರು ಕ್ರಮಗಳಿವೆ ಅಂತ ಬೆರಳು ಮಡಚಿ ತೋರಿಸಿದರು. ನಿಶಾಂತ್ ಓದಿದ್ದು ನೆನಪಿಸಿಕೊಂಡ: 1968ರಲ್ಲಿ ಮೆಕ್‌ಗೀ ಮತ್ತು ಫ್ರ್ಯಾಂಕ್ ಅನ್ನುವವರು ಈ ಆರನ್ನೂ ಲೆಕ್ಕಕ್ಕೆ ಹಚ್ಚಿದ್ದರಂತೆ. ಒಂದು ಕಾಲು ಗಾಳಿಯಲ್ಲಿರುವಾಗ ಉಳಿದ ಮೂರು ನೆಲದ ಮೇಲೆ ಒಂದು ತ್ರಿಕೋನ ಮಾಡುತ್ತವೆ. ಮೈಯ ಭಾರದ ನಡು ಆ ತ್ರಿಕೋನದೊಳಗೇ ಇರಬೇಕು. ಹೊರಗೆ ಬಂದರೆ ಮಗುಚುತ್ತದೆ. ಮುಂದಕ್ಕೆ ನಿಧಾನವಾಗಿ ನಡೆಯುವಾಗ ಎಲ್ಲಕ್ಕಿಂತ ಭದ್ರವಾದ ಕ್ರಮ ಯಾವುದು ಅಂತ ನೋಡಿದರೆ, ಮುತ್ತಣ್ಣ ಹೇಳಿದ್ದೇ!

"ಆನೆಗೆ ಯಾರು ಹೇಳಿಕೊಟ್ರು?" ಅಂತ ಚಂಗಪ್ಪಣ್ಣ.

"ಬಿದ್ದ ಆನೆಯ ವಂಶ ಬೆಳೀಲಿಲ್ಲ," ಅಂದರು ಮೇಷ್ಟ್ರು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅಂತ ನಾನು ನಿಶಾಂತನಿಗೆ ಸಮಾಧಾನ ಹೇಳಿದೆ. ಓಡುವ ಕುದುರೆಯನ್ನು ಕಲಾವಿದರು ನೂರಾರು ವರ್ಷ ತಪ್ಪಾಗಿಯೇ ಬರೆದರು. ಮುಂದಿನೆರಡು ಕಾಲು ಮುಂದಕ್ಕೆ, ಹಿಂದಿನೆರಡು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಹಾಗೆ. 1878ರಲ್ಲಿ ಮೈಬ್ರಿಜ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ ಮೇಲೆ ಗೊತ್ತಾಯಿತು: ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆಗ ಅವು ಹೊಟ್ಟೆಯಡಿಯಲ್ಲಿ ಮಡಚಿಕೊಂಡಿರುತ್ತವೆ.

"ಆನೆ ಓಡುವಾಗ?"

ಆನೆ ಓಡುವಾಗಲೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಥಾಯ್ಲೆಂಡಿನ ಆನೆಗಳನ್ನು ಓಡಿಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲೂ ಕಾಲಿನ ಕ್ರಮ ನಡಿಗೆಯದ್ದೇ. ಇದನ್ನು ಹೇಳಿ ನಾವೆಲ್ಲ ಮುತ್ತಣ್ಣನ ಮುಖ ನೋಡಿದೆವು, ಹೌದೋ ಅಲ್ಲವೋ ಅಂತ.

"ಅದು ಓಡಿದಾಗ ನಾನು ಮುಂದೆ ಓಡ್ತಾ ಇದ್ದೆ. ತಿರುಗಿ ಕಾಲು ನೋಡೋಕೆ ಪುರುಸೊತ್ತು ಸಿಗಲಿಲ್ಲ."

1980ರಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಹಿಮದ ಮೇಲೆ ನಡೆಯುವ ನಾಲ್ಕು ಕಾಲಿನ ದೈತ್ಯ ಯಂತ್ರಗಳಿವೆಯಲ್ಲ, ಅವು ಕಂಪ್ಯೂಟರಿನವಲ್ಲ. ಫಿಲ್ ಟಿಪೆಟ್ ಮತ್ತು ಜೊತೆಗಾರರು ಸಣ್ಣ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆದರು. ಸೆಕೆಂಡಿಗೆ 24 ಚಿತ್ರ. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ನಿಜವಾದ ಆನೆ ನಡೆಯುವುದನ್ನು ನೋಡಿದ್ದು. ಇದು ಕೇಳಿದ್ದೇ ಚಂಗಪ್ಪಣ್ಣನ ಎದೆ ಉಬ್ಬಿತು. "ಅವ್ರು ಆನೆ ಹುಡುಕ್ಕೊಂಡು ಹೋದ್ರು. ನಮ್ಮಲ್ಲಿ ದುಬಾರೆ ಇದೆ, ಕಾವೇರಿಲಿ ಮೀಯಿಸೋದೇ ನೋಡಬಹುದು. ಅಷ್ಟು ದೂರ ಯಾಕೆ, ಹಿಂದಿನ ಬಾಳೆ ಹತ್ತಿರ ಕೂತ್ಕೊ. ಫೀಸಿಲ್ಲ."

ನಿಜವಾಗಿಯೂ ಇಂಥ ಯಂತ್ರ ಮಾಡಿದವರಿದ್ದಾರಾ ಅಂತ ರಝಾಕ್ ಕೇಳಿದ. ಇದ್ದಾರೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸೈನ್ಯಕ್ಕಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಲ್ಫ್ ಮೋಷರ್ ನಾಲ್ಕು ಕಾಲಿನ ನಡೆಯುವ ಟ್ರಕ್ ಮಾಡಿದರು. ಸುಮಾರು 11 ಅಡಿ ಎತ್ತರ. ಒಳಗೆ ಕೂತ ಚಾಲಕ ತನ್ನ ಎರಡು ಕೈಯಿಂದ ಮುಂದಿನ ಕಾಲು, ಎರಡು ಕಾಲಿನಿಂದ ಹಿಂದಿನ ಕಾಲು ಆಡಿಸಬೇಕು. ಸ್ವಲ್ಪ ಹೊತ್ತಿಗೇ ಮನುಷ್ಯ ಸುಸ್ತು. ಅದು ಈಗ ಮ್ಯೂಸಿಯಂನಲ್ಲಿದೆ.

"ಆ ಚಾಲಕನಿಗೆ ಮೂಗು ತುರಿಸಿದ್ರೆ?" ಅಂತ ಚಂಗಪ್ಪಣ್ಣ ಕೇಳಿದ ಪ್ರಶ್ನೆಗೆ ಇಂಜಿನಿಯರುಗಳ ಹತ್ತಿರ ಉತ್ತರ ಇದ್ದಿರಲಾರದು.

2005ರಲ್ಲಿ ಬಾಸ್ಟನ್ ಡೈನಾಮಿಕ್ಸ್‌ನವರ ಬಿಗ್‌ಡಾಗ್ ಬಂತು. ಪಕ್ಕಕ್ಕೆ ಒದ್ದರೂ ತಡವರಿಸಿ ಸುಧಾರಿಸಿಕೊಳ್ಳುವ ಯಂತ್ರ. ನಿಶಾಂತ್ ಆ ವಿಡಿಯೋ ಹಾಕಿದ. ಒದೆ ಬಿದ್ದಾಗ ನಮ್ಮ ಮುತ್ತಣ್ಣ "ಅಯ್ಯೋ ಪಾಪ" ಅಂದೇಬಿಟ್ಟರು. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ, ಮುಖವೇ ಇಲ್ಲ. ಬೀಳದಿರಲು ಕಾಲು ಪರದಾಡಿದ್ದೇ ಸಾಕಾಯಿತು. ಶಬ್ದ ಮಾತ್ರ ನಮ್ಮ ಕಳೆ ಕೊಚ್ಚುವ ಮೆಷಿನ್ನಿನದ್ದೇ. ಅದರ ದೊಡ್ಡ ತಮ್ಮನನ್ನು, ಅಂದರೆ ಆಮೇಲೆ ಬಂದ ಇನ್ನೂ ದೊಡ್ಡ ಯಂತ್ರವನ್ನು, ಸೈನ್ಯದವರು ಕೊನೆಗೆ ಕೈಬಿಟ್ಟಿದ್ದಕ್ಕೆ ಈ ಗದ್ದಲವೇ ಮುಖ್ಯ ಕಾರಣ. ವೈರಿಗೆ ಮೈಲಿ ದೂರಕ್ಕೇ ಗೊತ್ತಾಗುತ್ತಿತ್ತು.

ನನಗೆ ಇಷ್ಟವಾಗಿದ್ದು ಬೇರೆಯದು. ನೆದರ್‌ಲ್ಯಾಂಡ್ಸಿನ ಥಿಯೋ ಯಾನ್ಸೆನ್ ಅನ್ನುವ ಕಲಾವಿದ 1990ರಿಂದ ಪ್ಲಾಸ್ಟಿಕ್ ಪೈಪಿನಲ್ಲಿ ಕಾಲಿನ ಪ್ರಾಣಿಗಳನ್ನು ಕಟ್ಟಿ ಸಮುದ್ರದ ದಂಡೆಯಲ್ಲಿ ಬಿಡುತ್ತಾ ಬಂದಿದ್ದಾರೆ. ಎಂಜಿನ್ ಇಲ್ಲ, ಗಾಳಿಯೇ ನಡೆಸುತ್ತದೆ. ಒಂದು ಕ್ರ್ಯಾಂಕ್ ತಿರುಗಿದರೆ ಸಾಲು ಸಾಲು ಕಾಲು ನಡೆಯುತ್ತವೆ. ಕಾಲಿನ ಕಡ್ಡಿಗಳ ಉದ್ದ ಎಷ್ಟಿರಬೇಕು ಅನ್ನುವ 11 ಅಂಕಿಗಳನ್ನು ಅವರು ಕಂಪ್ಯೂಟರಿನಲ್ಲೇ ಸೋಸಿ ತೆಗೆದರು. ಆ ಅಳತೆಗೆ ಊರಿದ ಪಾದ ಮೈಗೆ ಹೋಲಿಸಿದರೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹಿಂದೆ ಸರಿಯುತ್ತದೆ, ಮೈ ಏರಿಳಿಯುವುದು ತೀರಾ ಕಡಿಮೆ. ಅದೇ ಅಂಕಿ ಹಾಕಿದರೆ ನಿಶಾಂತನ ಪರದೆಯಲ್ಲೂ ಹಾಗೇ ನಡೆಯುತ್ತದೆ. ಸುಳ್ಳು ಹೇಳಲು ಅಲ್ಲಿ ಜಾಗವೇ ಇಲ್ಲ. ರಷ್ಯಾದ ಗಣಿತಜ್ಞ ಚೆಬಿಶೆವ್ 1878ರಲ್ಲೇ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಕಾಲಿನ ಯಂತ್ರ ತೋರಿಸಿದ್ದರು. ಮೇಷ್ಟ್ರು ಆ ಹೆಸರು ಕೇಳಿ ಕೈ ಮುಗಿದರು.

ಸಂಜೆಗೆ ನಿಶಾಂತನ ಯಂತ್ರ ಬೇರೆಯೇ ಆಗಿತ್ತು. ಹೆಜ್ಜೆ ನಿಧಾನ, ಕ್ರಮ ಮುತ್ತಣ್ಣನದು, ಸಿಲಿಂಡರ್ ರಝಾಕ್‌ದು. ಪಾದ ಊರಿದರೆ ಕೆಸರು ಪಕ್ಕಕ್ಕೆ ಉಬ್ಬಿ, ಎತ್ತುವಾಗ ಅಂಟಿಕೊಂಡು ಎಳೆಯುತ್ತದೆ. ಇಳಿಜಾರಿನಲ್ಲಿ ಭಾರ ಹಾಕುವ ಮುಂಚೆ ಮುಂಗಾಲು ನೆಲ ಒತ್ತಿ ನೋಡುತ್ತದೆ. ಒತ್ತಿ ನೋಡಿದಾಗ ಮುತ್ತಣ್ಣ ತಮಗೇ ತಿಳಿಯದೆ ಕುರ್ಚಿ ಹಿಂದಕ್ಕೆ ಸರಿಸಿದರು. ಬೇರೆ ಸರ್ಟಿಫಿಕೇಟ್ ಬೇಕಾ?

ಒಂದೇ ತೊಂದರೆ. ಹತ್ತು ಸೆಕೆಂಡಿನಲ್ಲಿ ಅದು ಗುಡ್ಡ ಇಳಿಯುವುದಿಲ್ಲ. ಎರಡೇ ಹೆಜ್ಜೆ ಇಡುತ್ತದೆ. ಬೆಂಗಳೂರಿನವರಿಗೆ ಫೋನ್ ಮಾಡಿದರೆ, ಎರಡು ಹೆಜ್ಜೆಯೇ ಸಾಕು, ಬೆಳಿಗ್ಗೆ ಕಳಿಸಿ ಅಂದರು. ಒಂದೊಂದು ಚಿತ್ರ ತಯಾರಾಗಲು ಐದು ನಿಮಿಷ. ಹತ್ತು ಸೆಕೆಂಡಿಗೆ 240 ಚಿತ್ರ. ಮೇಷ್ಟ್ರು ಬಾಯಲ್ಲೇ ಹೇಳಿದರು, ಇಪ್ಪತ್ತು ಗಂಟೆ. ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಇಪ್ಪತ್ತು ಗಂಟೆ ಕರೆಂಟು!

"ನಾಳಿದ್ದು ಕಳಿಸ್ತೀನಿ ಅಂತ ಹೇಳಿದೀನಿ. ಜನರೇಟರ್ ಹಾಕೋಣ ಮಾವ?" ಅಂದ ನಿಶಾಂತ್.

"ಹಾಕು. ಡೀಸೆಲ್ ದುಡ್ಡು ನಿನ್ನ ಸ್ಟುಡಿಯೋ ಕೊಡಬೇಕು."

"ಬಿಲ್ಲಲ್ಲಿ ಏನಂತ ಬರೀಲಿ?"

"ಯಂತ್ರ ಎರಡು ಹೆಜ್ಜೆ ಇಟ್ಟಿದ್ದಕ್ಕೆ ಡೀಸೆಲ್ ಅಂತ ಬರಿ," ಅಂದರು ಚಂಗಪ್ಪಣ್ಣ. "ಸುಳ್ಳೇನಲ್ವಲ್ಲ."