ಮಿಯಾಟಾಗೆ 17 ಇಂಚಿನ ವೀಲ್ ಹಾಕಿಸಲಾ, 15ರಲ್ಲೇ ಇರಲಾ? ಅನುಭವ ಇದ್ದವರು ಹೇಳಿ

ಫ್ರೀಮಾಂಟ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2000ದ ಮಜ್ಡಾ ಮಿಯಾಟಾ ಇದೆ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಕಂಪನಿಯಿಂದ ಬಂದ 15×6 ವೀಲ್ (ವ್ಯಾಸ 15 ಇಂಚು, ಅಗಲ 6), ಆಫ್‌ಸೆಟ್ +40, ಟೈರ್ 195/50-15 (ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 50, ರಿಮ್ 15 ಇಂಚು). ಹಳೇ ಮಾಲೀಕರು ಕಾರನ್ನು ಒಂದಿಂಚು ಇಳಿಸಿದ್ದಾರೆ. ಹತ್ತಿರದಲ್ಲೇ ಒಬ್ಬರು 17×7.5 ವೀಲ್ ಸೆಟ್ ಮಾರುತ್ತಿದ್ದಾರೆ. ಆಫ್‌ಸೆಟ್ +35, ಅದರ ಮೇಲೆ 215/40-17 ಟೈರ್. ನಾಲ್ಕು ನಟ್, 100 ಮಿ.ಮೀ. ಪಿಸಿಡಿ (ನಟ್‌ಗಳು ಕೂರುವ ವೃತ್ತದ ವ್ಯಾಸ), ನಿಮ್ಮ ಕಾರಿಗೆ ಸೀದಾ ಕೂರುತ್ತದೆ ಅಂತಾರೆ. ವಾರವೆಲ್ಲ ಆಫೀಸ್ ಓಡಾಟ, ಶನಿವಾರ ಬೆಳಿಗ್ಗೆ ಬೆಟ್ಟದ ರಸ್ತೆ. ತಗೊಳ್ಳಬಹುದಾ?

ಸ್ಯಾನ್ ಹೋಸೆಯಿಂದ:

ನನ್ನದೂ ಅದೇ ಮಾಡೆಲ್, ಆರು ವರ್ಷದಿಂದ ಓಡಿಸುತ್ತಿದ್ದೇನೆ. ಆ ಸೆಟ್ ತಗೊಳ್ಳಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಮುಂದೆ ಬೇರೆ ಸೆಟ್ ನೋಡುವಾಗಲೂ ಉಪಯೋಗಕ್ಕೆ ಬರುತ್ತದೆ.

"ಕೂರುತ್ತದೆ" ಅಂದರೆ ನಟ್ ಬಿಗಿಯಾಗುತ್ತದೆ ಅಂತ ಅಷ್ಟೇ. ಆಮೇಲೆ ವೀಲ್ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹೇಳುವುದು ಆಫ್‌ಸೆಟ್, ಅಂದರೆ ವೀಲ್ ಹಬ್ಬಿಗೆ (ಕಾರಿನಲ್ಲಿ ವೀಲ್ ಕೂರುವ ನಡುವಿನ ಭಾಗಕ್ಕೆ) ತಾಗುವ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅಂತ. ರಿಮ್ಮಿನ ಅಗಲದ ಅರ್ಧ ತಗೊಳ್ಳಿ. ಅದರಿಂದ ಆಫ್‌ಸೆಟ್ ಕಳೆದರೆ ಹಬ್‌ನಿಂದ ರಿಮ್ ಎಷ್ಟು ಹೊರಗಿದೆ ಅಂತ ಗೊತ್ತಾಗುತ್ತದೆ. ಕೂಡಿಸಿದರೆ ಎಷ್ಟು ಒಳಗಿದೆ ಅಂತ. ನಿಮ್ಮ ಈಗಿನ 6 ಇಂಚಿನ ಅರ್ಧ 76 ಮಿ.ಮೀ. ಅಂದರೆ ಹೊರಗೆ 36, ಒಳಗೆ 116. ಅವರ 7.5 ಇಂಚಿನ ಅರ್ಧ 95. ಹೊರಗೆ 60, ಒಳಗೆ 130. ಈಗಿನದಕ್ಕಿಂತ ರಿಮ್ಮಿನ ಅಂಚು 24 ಮಿ.ಮೀ. ಹೊರಗೆ ಬರುತ್ತದೆ, 14 ಮಿ.ಮೀ. ಒಳಗೆ ಹೋಗುತ್ತದೆ. ಇಷ್ಟೇ ಆಗಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ, ಮಿಯಾಟಾ ತಡೆದುಕೊಳ್ಳುತ್ತದೆ.

ತೊಂದರೆ ಇರುವುದು ಎತ್ತರದಲ್ಲಿ. 195/50-15 ಟೈರಿನ ಪೂರ್ತಿ ವ್ಯಾಸ 576 ಮಿ.ಮೀ. 215/40-17ದ್ದು 604. ಟೈರಿನ ನೆತ್ತಿ 14 ಮಿ.ಮೀ. ಮೇಲಕ್ಕೆ ಹೋಯಿತು. ನಿಮ್ಮ ಕಾರು ಈಗಾಗಲೇ ಒಂದಿಂಚು ಕೆಳಗಿದೆ. ಇಬ್ಬರು ಕೂತು, ತಿರುವಿನಲ್ಲಿ ಒಂದು ಉಬ್ಬು ಸಿಕ್ಕಿದರೆ ಹಿಂದಿನ ಟೈರ್ ಮೇಲೆ ತಾಗುವ ಸಂಭವ ಜಾಸ್ತಿ. ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್‌ಗೂ ತಾಗಬಹುದು. ಸ್ಪೀಡೋಮೀಟರ್ 60 ತೋರಿಸುವಾಗ ನೀವು 63ರಲ್ಲಿ ಇರುತ್ತೀರಿ. ಗೇರ್ ಉದ್ದ ಆದಂತೆ ಆಗಿ ಪಿಕಪ್ ಕೂಡ ಕಡಿಮೆ ಆಗುತ್ತದೆ. 140 ಎಚ್‌ಪಿ ಕಾರಿನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಟೈರ್ ತಾಗುವುದು ಅಂದರೆ ಏನು ಅಂತ ನನಗೆ ಗೊತ್ತು. ಮೊದಲ ವರ್ಷ ನೋಟಕ್ಕೆ ಮರುಳಾಗಿ 15×8 ವೀಲ್ ತಂದೆ, ಆಫ್‌ಸೆಟ್ +20. ಮೇಲಿನ ಲೆಕ್ಕ ಹಾಕಿ ನೋಡಿ, ರಿಮ್ ಕಂಪನಿಯದಕ್ಕಿಂತ 45 ಮಿ.ಮೀ. ಹೊರಗೆ. ಮನೆ ಮುಂದೆ ನಿಂತಾಗ ಏನೂ ತಾಗುತ್ತಿರಲಿಲ್ಲ, ಬೆರಳು ತೂರುವಷ್ಟು ಜಾಗ ಇತ್ತು. ಹೈವೇ 9ರಲ್ಲಿ ಸ್ಯಾರಟೋಗಾ ಕಡೆಗೆ ಇಳಿಯುವಾಗ ಎಡ ತಿರುವಿನಲ್ಲಿ ಬಲ ಹಿಂದಿನಿಂದ ಗರ್ರ್ ಅಂತ ಸದ್ದು, ಸುಟ್ಟ ರಬ್ಬರ್ ವಾಸನೆ. ನಿಲ್ಲಿಸಿ ನೋಡಿದರೆ ಟೈರಿನ ಹೆಗಲ ಮೇಲೆ ಸುತ್ತಲೂ ಬೆರಳಗಲದ ಪಟ್ಟಿ ನುಣ್ಣಗೆ ಹೊಳೆಯುತ್ತಿತ್ತು. ಫೆಂಡರ್ ಒಳಗೆ ಮಡಚಿದ ತಗಡಿನ ಅಂಚಿನ ಮೇಲೆ ಕಪ್ಪು ಪುಡಿ. ಆ ಅಂಚು ಟೈರಿನ ಪಕ್ಕಕ್ಕೆ ಕತ್ತಿ ಇದ್ದ ಹಾಗೆ. ಇನ್ನೂ ಹತ್ತು ಮೈಲಿ ಹಾಗೇ ಇಳಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಈಗ ಇರುವುದು 15×7, ಆಫ್‌ಸೆಟ್ +35, ಟೈರ್ 205/50-15. ರಿಮ್ 18 ಮಿ.ಮೀ. ಹೊರಗೆ, 8 ಒಳಗೆ. ವ್ಯಾಸ 586, ಅಂದರೆ ನೆತ್ತಿ ಬರೀ 5 ಮಿ.ಮೀ. ಮೇಲೆ. ನನ್ನ ಕಾರೂ ಇಳಿಸಿದ್ದೇ, ಎಲ್ಲೂ ತಾಗಿಲ್ಲ. ವೀಲ್ ಎಂಕೈ ಕಂಪನಿಯ ಆರ್‌ಪಿಎಫ್1, ಒಂದೊಂದು ಸುಮಾರು 10 ಪೌಂಡ್. ಮೊದಲ ಸಲ ಒಂದು ವೀಲನ್ನು ಒಂದೇ ಕೈಯಲ್ಲಿ ಎತ್ತಿದಾಗ ಖಾಲಿ ಡಬ್ಬ ಎತ್ತಿದ ಹಾಗೆ ಆಯಿತು! ಹಾಳಾದ ರಸ್ತೆಯಲ್ಲಿ ಅದರ ವ್ಯತ್ಯಾಸ ಸೊಂಟಕ್ಕೇ ಗೊತ್ತಾಗುತ್ತದೆ.

ಒಂದು ಮಾತು ಬಿಟ್ಟಿದ್ದೆ. ಮಿಯಾಟಾ ಹಬ್ಬಿನ ನಡುವಿನ ಅಳತೆ 54.1 ಮಿ.ಮೀ. ಈ ವೀಲಿನ ತೂತು 73. ನಡುವೆ ಹಾಕುವ ರಿಂಗ್ ಬೇಕು. ನಾನು ಮೊದಲು ರಿಂಗ್ ಇಲ್ಲದೆ ಹಾಕಿಸಿದೆ. ಅಂಗಡಿಯವರು ಕಾರನ್ನು ನೆಲಕ್ಕೆ ಇಳಿಸಿ ಗನ್ನಿನಲ್ಲಿ ನಟ್ ಬಿಗಿದರು. 65 ಮೈಲಿ ವೇಗದಲ್ಲಿ ಸ್ಟೇರಿಂಗ್ ನಡುಗಲು ಶುರುವಾಯಿತು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ಮನೆಯಲ್ಲೇ ಕಾರು ಜ್ಯಾಕ್ ಮೇಲೆ ಇರುವಾಗ ರಿಂಗ್ ಹಾಕಿ, ನಟ್‌ಗಳನ್ನು ಎದುರುಬದುರು ಕೈಯಲ್ಲೇ ಬಿಗಿದು, ಆಮೇಲೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ರೆಂಚ್) 80 ಫುಟ್-ಪೌಂಡ್‌ಗೆ ಮುಗಿಸಿದೆ. ನಡುಕ ನಿಂತಿತು. ಕಂಪನಿ ಹೇಳುವುದು 65ರಿಂದ 87 ಫುಟ್-ಪೌಂಡ್. ಐವತ್ತು ಮೈಲಿ ಓಡಿಸಿ ಮತ್ತೊಮ್ಮೆ ನೋಡಿ.

ಸ್ಯಾಕ್ರಮೆಂಟೊದಿಂದ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಟ್ರ್ಯಾಕಿಗೆ ಹೋಗುವವನು, ಥಂಡರ್‌ಹಿಲ್‌ಗೆ. ನನ್ನದು 15×9, ಆಫ್‌ಸೆಟ್ +36, ಟೈರ್ 225/45-15. ಚಿತ್ರ ನೋಡಿ ಇದನ್ನೇ ಹಾಕೋಣ ಅನ್ನಿಸಬಹುದು. ಆದರೆ ಅದರ ಹಿಂದೆ ಹಿಂದಿನ ಫೆಂಡರ್ ಅಂಚನ್ನು ಬಿಸಿ ಮಾಡಿ ಮಡಚಿಸಿದ್ದು ಇದೆ, ಮುಂದೆ ಮೂರು ಡಿಗ್ರಿ ನೆಗೆಟಿವ್ ಕ್ಯಾಂಬರ್ (ವೀಲಿನ ನೆತ್ತಿ ಒಳಗೆ ವಾಲಿರುವುದು) ಇದೆ, ಗಟ್ಟಿ ಸ್ಪ್ರಿಂಗ್ ಇದೆ. ಅದೆಲ್ಲ ಇಲ್ಲದೆ ಇದು ಕೂರುವುದಿಲ್ಲ. ಆಫೀಸಿಗೆ ಹೋಗುವ ಕಾರಿಗೆ ಇಷ್ಟು ಕ್ಯಾಂಬರ್ ಇಟ್ಟರೆ ಟೈರಿನ ಒಳಗಿನ ಅಂಚು ಬೇಗ ಸವೆಯುತ್ತದೆ.

ಟೈರ್ ಮೇಲೆ ಬರೆದ ಅಗಲವನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ 205 ಇನ್ನೊಂದು ಕಂಪನಿಯ 205ಗಿಂತ ಕಣ್ಣಿಗೆ ಕಾಣುವಷ್ಟು ದಪ್ಪ ಇರುತ್ತದೆ, ಟ್ರ್ಯಾಕ್ ಟೈರ್‌ಗಳಲ್ಲಂತೂ ಇನ್ನೂ ಜಾಸ್ತಿ. ಪ್ರತಿ ಟೈರಿಗೆ ಎಷ್ಟು ಅಗಲದ ರಿಮ್ ಆಗಬಹುದು ಅಂತ ತಯಾರಕರು ಹೇಳಿರುತ್ತಾರೆ. 205/50-15ಕ್ಕೆ 5.5ರಿಂದ 7.5 ಇಂಚು. ಅದರೊಳಗೆ ಇರಿ.

ಅಳೆಯುವುದಕ್ಕೆ ನಾನು ಮಾಡುವುದು ಇದು. ಚಪಾತಿ ಹಿಟ್ಟಿನ ಉಂಡೆ, ಸ್ವಲ್ಪ ಗಟ್ಟಿಯಾಗಿ ಕಲಸಿದ್ದು. ಈಗಿರುವ ಟೈರ್ ನೆತ್ತಿಗೆ ನೇರ ಮೇಲೆ, ಫೆಂಡರಿನ ಒಳಮೈಗೆ, ಎಡ ಬಲ ಎರಡೂ ಕಡೆ ಅಂಟಿಸಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ನಿಮ್ಮ ರಸ್ತೆಯ ಉಬ್ಬುಗಳ ಮೇಲೆ ಎಂದಿನಂತೆ ಓಡಿಸಿ ಬನ್ನಿ. ಹಿಟ್ಟು ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆಯೋ ಅಷ್ಟೇ ನಿಮ್ಮ ಜಾಗ. ಅಂತರ್ಜಾಲದ ಪಟ್ಟಿಗಳು ನಿಮ್ಮ ಕಾರಿನ ಸ್ಪ್ರಿಂಗನ್ನು ನೋಡಿರುವುದಿಲ್ಲ, ಅಲ್ವಾ?

ಮಿಶಿಗನ್‌ನಿಂದ:

ನನ್ನದು ಟೊಯೋಟಾ ಜಿಆರ್86, ಬೇರೆ ಕಾರು, ಆದರೂ ಒಂದು ಎಚ್ಚರಿಕೆ. ಇದರಲ್ಲಿ ಐದು ನಟ್, 100 ಮಿ.ಮೀ., ಹಬ್ 56.1. ನಟ್ಟಿನ ಮರೆ (ಒಳಗಿನ ತಿರುಪಿನ ಗೆರೆ) 12×1.25, ಅಂದರೆ 12 ಮಿ.ಮೀ. ದಪ್ಪದ ಸ್ಟಡ್ಡಿಗೆ (ನಟ್ ಕೂರುವ ಬೋಲ್ಟಿಗೆ), ಗೆರೆಯಿಂದ ಗೆರೆಗೆ 1.25 ಮಿ.ಮೀ. ನಿಮ್ಮ ಮಿಯಾಟಾದ್ದು 12×1.5. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನನ್ನ ಹಳೇ ಮಿಯಾಟಾದ ನಟ್ ಡಬ್ಬದಿಂದ ಒಂದನ್ನು ಸುಮ್ನೆ ಹಾಕಿ ನೋಡಿದೆ. ಎರಡು ಸುತ್ತು ಸಲೀಸಾಗಿ ಹೋಗಿ ಹಿಡಿದುಕೊಂಡಿತು. ಅಲ್ಲಿಗೇ ಬಿಟ್ಟೆ. ಬಲವಂತ ಮಾಡಿದ್ದರೆ ಸ್ಟಡ್ ಹೋಗುತ್ತಿತ್ತು. ನಟ್ಟಿನ ತುದಿಯ ಆಕಾರವನ್ನೂ ನೋಡಿ. ಹೊರಗೆ ಸಿಗುವ ಹೆಚ್ಚಿನ ವೀಲ್‌ಗಳಿಗೆ ಶಂಕುವಿನಾಕಾರದ್ದು ಬೇಕು, ಹೋಂಡಾದ ಒರಿಜಿನಲ್ ನಟ್ಟುಗಳ ತುದಿ ಗುಂಡಗೆ ಇರುತ್ತದೆ.

ಇನ್ನೊಂದು. ನನ್ನ ಕಾರು 215/40-18ರಲ್ಲಿ ಬಂದಿತ್ತು. ಚಳಿಗಾಲ ಕಳೆದು ಹಿಮ ಕರಗಿದ ಮೇಲೆ ಇಲ್ಲಿನ ರಸ್ತೆಗಳಲ್ಲಿ ಬೀಳುವ ಗುಂಡಿಗಳಿಗೆ ಒಂದು ರಿಮ್ ಬಗ್ಗಿತು. ಈಗ ಚಳಿಗಾಲಕ್ಕೆ 17 ಇಂಚು, 215/45-17. ವ್ಯಾಸದಲ್ಲಿ 4 ಮಿ.ಮೀ. ವ್ಯತ್ಯಾಸ, ಅಷ್ಟೇ. ರಬ್ಬರ್ ಗೋಡೆ ಒಂದು ಸೆಂಟಿಮೀಟರ್ ಜಾಸ್ತಿ ಸಿಕ್ಕಿತು, ರಿಮ್ ಉಳಿಯಿತು. ಚಿಕ್ಕ ವೀಲಿಗೆ ಇಳಿಯುವವರು ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಮೇಲೆ ವೀಲಿನ ಅರಗಳು ತಾಗುವುದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಸ್ಯಾನ್ ಹೋಸೆಯಿಂದ ಮತ್ತೆ:

ರಿಮ್ ಬಗ್ಗುವ ಮಾತು ಬಂದಿದ್ದು ಒಳ್ಳೆಯದಾಯಿತು. ಸೆಕೆಂಡ್ ಹ್ಯಾಂಡ್ ಸೆಟ್ ಯಾವುದೇ ಇರಲಿ, ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ. 2316 ಅಂದರೆ 2016ರ 23ನೇ ವಾರ. ಟೈರ್ ಮೇಲಿನ ಗೀರುಗಳು (ಟ್ರೆಡ್) ಎಷ್ಟೇ ಆಳ ಇದ್ದರೂ ಅಷ್ಟು ಹಳೆಯ ಟೈರಿಗೆ ದುಡ್ಡು ಕೊಡಬೇಡಿ. ವೀಲನ್ನು ನೆಲದ ಮೇಲೆ ಉರುಳಿಸಿ ಒಳಗಿನ ಅಂಚನ್ನೂ ನೋಡಿ. ಬಗ್ಗುವುದು ಯಾವಾಗಲೂ ಒಳಗಡೆಯೇ ಜಾಸ್ತಿ, ಮಾರುವವರ ಫೋಟೋದಲ್ಲಿ ಅದು ಬರುವುದಿಲ್ಲ.

ಫ್ರೀಮಾಂಟ್‌ನಿಂದ, ಭಾನುವಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹಿಟ್ಟು ಅಂಟಿಸಿ ಹೆಂಡತಿಯ ಜೊತೆ ಸ್ಕೈಲೈನ್ ರಸ್ತೆಯಲ್ಲಿ ಹೋಗಿ ಬಂದೆ. ಎಡ ಹಿಂದೆ ಹಿಟ್ಟು 15 ಮಿ.ಮೀ. ಉಳಿದಿತ್ತು. ಬಲ ಹಿಂದೆ 11. 17 ಇಂಚಿಗೆ ಬೇಕಿದ್ದದ್ದು 14. ಬಲಗಡೆ ಖಂಡಿತ ತಾಗುತ್ತಿತ್ತು. ಮಾರುವವರಿಗೆ ಫೋನ್ ಮಾಡಿ ಬೇಡ ಅಂದೆ. 15×7, +35 ಹುಡುಕುತ್ತಿದ್ದೇನೆ. ಸ್ಯಾನ್ ಹೋಸೆಯವರೇ, ನಿಮ್ಮ ರಿಂಗ್ ಪ್ಲಾಸ್ಟಿಕ್ಕಿನದೋ ಅಲ್ಯುಮಿನಿಯಮ್ಮಿನದೋ?

ಸ್ಯಾನ್ ಹೋಸೆಯಿಂದ:

ಅಲ್ಯುಮಿನಿಯಂ. ಹಾಕುವಾಗ ಹಬ್ಬಿಗೆ ತೆಳ್ಳಗೆ ಆ್ಯಂಟಿ-ಸೀಜ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಗ್ರೀಸಿನಂಥ ಲೇಪ) ಸವರಿ, ಇಲ್ಲದಿದ್ದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಸ್ಟಡ್ಡಿಗೆ ಮಾತ್ರ ಸವರಬೇಡಿ, ಟಾರ್ಕ್ ಲೆಕ್ಕ ತಪ್ಪುತ್ತದೆ. ವೀಲ್ ಸಿಕ್ಕಿದ ದಿನ ಹೇಳಿ, ರೆಂಚ್ ತಗೊಂಡು ನಾನೇ ಬರುತ್ತೇನೆ.