ಬಡ ದೇಶಗಳಿಗೆ ಅಂತಲೇ ಯಾರಾದರೂ ಲಸಿಕೆ ಮಾಡಿದ್ದಾರಾ?

ಮಲೆನಾಡಿಗ:
ಕೋವಿಡ್ ಸಮಯದಲ್ಲಿ ಶ್ರೀಮಂತ ದೇಶಗಳು ಮೊದಲೇ ದುಡ್ಡು ಕಟ್ಟಿ ಲಸಿಕೆ ಬಾಚಿಕೊಂಡವು. ಆಫ್ರಿಕಾದ ಎಷ್ಟೋ ಕಡೆ ನರ್ಸುಗಳಿಗೂ ಸಿಗಲಿಲ್ಲ. ಯಾವಾಗಲೂ ಹೀಗೇನಾ? ಬಡವರನ್ನೇ ಮನಸ್ಸಲ್ಲಿಟ್ಟು ಮಾಡಿದ ಲಸಿಕೆ ಇದೆಯಾ?

ಓದುಗ_ಧಾರವಾಡ:
ಇದೆ. ಮೆನ್‌ಆಫ್ರಿವ್ಯಾಕ್. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಒಣ ಧೂಳಿನ ಗಾಳಿ ಬೀಸೋ ತಿಂಗಳುಗಳಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಗೆ ತಗಲೋ ಸೋಂಕು) ಹಬ್ಬುತ್ತಿತ್ತು, 1996–97ರಲ್ಲಂತೂ ಸುಮಾರು 25,000 ಜನ ಸತ್ತರು. ಒಂದು ಡೋಸ್ 50 ಸೆಂಟ್ ಒಳಗೇ ಇರಬೇಕು ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಿಸಿದರು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಯಿತು. ಈ ರೋಗ ತರೋ ಬ್ಯಾಕ್ಟೀರಿಯಾದಲ್ಲಿ ಹಲವು ಗುಂಪುಗಳಿವೆ, ಈ ಲಸಿಕೆ ತಡೆಯೋದು ಎ ಗುಂಪನ್ನು; ಆ ಗುಂಪಿನ ಮೆನಿಂಜೈಟಿಸ್ ಅಲ್ಲಿ ಈಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಪಿಎಚ್‌ಸಿ_ಸಿಸ್ಟರ್:
ಬೆಲೆ ಒಂದೇ ಸಾಲದು ಸರ್. ಕೊನೇ ಹಳ್ಳಿ ಮುಟ್ಟೋವರೆಗೆ ತಂಪು ಉಳಿಯಬೇಕಲ್ವಾ? ನಾವು ಪ್ರತಿ ಬಾಟಲಿ ಮೇಲಿನ, ಬಿಸಿ ತಗಲಿದರೆ ಬಣ್ಣ ಬದಲಿಸೋ ಗುರುತು ನೋಡುತ್ತೇವೆ, ಒಳಗಿನ ಬಿಳಿ ಚೌಕ ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಆ ಲಸಿಕೆ ಹಾಕುವಂತಿಲ್ಲ. ಮೆನ್‌ಆಫ್ರಿವ್ಯಾಕ್‌ಗೆ 40 ಡಿಗ್ರಿವರೆಗೆ ನಾಲ್ಕು ದಿನ ಐಸ್ ಇಲ್ಲದೆ ಇಡಲು ಅನುಮತಿ ಸಿಕ್ಕಿತು. ನನ್ನ ಪ್ರಕಾರ ಅದೇ ದೊಡ್ಡ ಗೆಲುವು.

ಮಲೆನಾಡಿಗ:
ತುಂಬಾ ಥ್ಯಾಂಕ್ಸ್. ಬೇರೆ ಗುಂಪುಗಳ ಮೆನಿಂಜೈಟಿಸ್‌ಗೆ?

ಓದುಗ_ಧಾರವಾಡ:
ಐದು ಗುಂಪುಗಳಿಗೆ ಒಂದೇ ಲಸಿಕೆ ಬಂದಿದೆ. 2024ರಲ್ಲಿ ನೈಜೀರಿಯಾ ಮೊದಲು ಹಾಕಿತು.