‘ಹುಸಿಯೊಲವು’ ಸರಿಯೋ, ‘ಒಲವಿನ ಸೋಗು’ ಸರಿಯೋ?

ಗೆಳೆಯರೇ, ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು. ಇಂಗ್ಲೆಂಡಿನ ರೀಜೆನ್ಸಿ ಕಾಲದ, ಅಂದರೆ 1811ರಿಂದ 1820ರ ನಡುವಿನ ಒಂದು ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೊಡ್ಡ ಮನೆತನದ ಒಬ್ಬ ಗಂಡು, ಒಬ್ಬ ಹೆಣ್ಣು ತಮ್ಮತಮ್ಮ ಕಾರಣಕ್ಕೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಲಂಡನ್ನಿನ ಜನರ ಕಣ್ಣಿಗೆ ಅವನು ಅವಳನ್ನು ಮೆಚ್ಚಿ ಬಂದವನ ಹಾಗೆ ಕಾಣಬೇಕು, ಅಷ್ಟೇ. ಹೋಗ್ತಾ ಹೋಗ್ತಾ ಅದೇ ನಿಜವಾಗುತ್ತದೆ. ಮದುವೆಯ ಉದ್ದೇಶದಿಂದ ಗಂಡು ಹೆಣ್ಣಿನ ಮನಸ್ಸು ಗೆಲ್ಲಲು ನಡೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಕೋರ್ಟ್‌ಶಿಪ್’ ಅನ್ನುತ್ತಾರೆ. ಹೀಗೆ ನಾಟಕವಾಡುವ ‘ಕೋರ್ಟ್‌ಶಿಪ್’ಗೆ ಕನ್ನಡದಲ್ಲಿ ಏನನ್ನೋಣ?

‘ಪ್ರಣಯ’ ನನಗೆ ಒಗ್ಗುತ್ತಿಲ್ಲ. ಪ್ರಣಯಕ್ಕೆ ಇಬ್ಬರು ಸಾಕು, ಇದಕ್ಕೆ ನೋಡುವವರು ಬೇಕು. ಅವಳ ಮನೆಗೆ ಹೋಗಿ ತಾಯಿಯ ಎದುರು ಕೂತು ಕಾಲು ಗಂಟೆ ಮಾತಾಡುವುದು, ಸಂಜೆ ಹೈಡ್ ಪಾರ್ಕಿನಲ್ಲಿ ತೆರೆದ ಗಾಡಿಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ಸುತ್ತುವುದು, ಇದೆಲ್ಲ ಆ ‘ಕೋರ್ಟ್‌ಶಿಪ್’ನ ಒಳಗೇ ಬರುತ್ತದೆ. ಬುಧವಾರ ರಾತ್ರಿ ಆಲ್ಮ್ಯಾಕ್ಸ್ ಅನ್ನುವ ಲಂಡನ್ನಿನ ಸಭಾಭವನದಲ್ಲಿ ಕುಣಿತ. ಅಲ್ಲಿಗೆ ಹೋಗೋಕೆ ದುಡ್ಡಿದ್ದರೆ ಸಾಲದು, ಅದನ್ನು ನಡೆಸುವ ಗಣ್ಯ ಹೆಂಗಸರು ಒಪ್ಪಬೇಕು. ಅಂಥ ಕಡೆ ಒಂದೇ ಹುಡುಗಿಯ ಜೊತೆ ಎರಡಕ್ಕಿಂತ ಜಾಸ್ತಿ ಸಲ ಕುಣಿದರೆ ಮುಗೀತು, ಮದುವೆ ಗೊತ್ತಾಗಿದೆ ಅಂತಲೇ ಮಾತು ಹಬ್ಬುತ್ತಿತ್ತು.

‘ಸುಳ್ಳು ನಿಶ್ಚಿತಾರ್ಥ’ ಅಂತ ಒಬ್ಬರು ಸೂಚಿಸಿದರು. ಅದು ಬೇರೆಯೇ ವಿಷಯ. ಮದುವೆಯ ಮಾತು ಕೊಟ್ಟು ಗಂಡು ಹಿಂದೆ ಸರಿದರೆ ಹೆಣ್ಣು ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದಿತ್ತು. ನನ್ನ ಕತೆಯಲ್ಲಿ ಅವನು ಮಾತು ಕೊಡುವುದೇ ಇಲ್ಲ, ಬರೀ ಸುಳಿವು ಕೊಡುತ್ತಾನೆ.

ಉಳಿದವು ಎರಡು. ‘ಹುಸಿಮುನಿಸು’, ‘ಹುಸಿನಗೆ’ ನಮ್ಮಲ್ಲಿ ಇದ್ದೇ ಇವೆ, ಆ ದಾರಿಯಲ್ಲಿ ‘ಹುಸಿಯೊಲವು’ ಅನ್ನಬಹುದು. ಹುಸಿಮುನಿಸಿನಲ್ಲಿ ಎದುರಿಗಿರುವವರಿಗೆ ಅದು ಹುಸಿ ಅಂತ ಗೊತ್ತಿರುತ್ತದೆ, ಗೊತ್ತಿದ್ದೂ ರಮಿಸುತ್ತಾರೆ, ಅದರ ಸೊಗಸೇ ಅದು. ಇಲ್ಲೂ ಇಬ್ಬರಿಗೂ ಗೊತ್ತು, ಸುತ್ತಲಿನ ಜನಕ್ಕೆ ಮಾತ್ರ ಗೊತ್ತಿಲ್ಲ. ಜನರನ್ನು ಲೆಕ್ಕಕ್ಕೆ ತಗೊಂಡರೆ ‘ಸೋಗು’ ಹೆಚ್ಚು ಸರಿ ಅನ್ನಿಸುತ್ತದೆ, ಯಾಕಂದ್ರೆ ನೋಡುವವರಿಲ್ಲದೆ ಯಾರೂ ಸೋಗು ಹಾಕುವುದಿಲ್ಲ.

ಆದರೆ ಕತೆ ತಿರುಗುವ ಜಾಗದಲ್ಲಿ ‘ಸೋಗು’ ಕೈಕೊಡುತ್ತದೆ. ಅವನು ಹಳ್ಳಿಯ ಬಂಗಲೆಗೆ ಹೋದಾಗ ಅವಳು ಪತ್ರ ಬರೆಯಲು ಕೂರುತ್ತಾಳೆ. ಮದುವೆ ಗೊತ್ತಾಗದ ಗಂಡುಹೆಣ್ಣು ಪತ್ರ ಬರೆದುಕೊಳ್ಳುವುದು ಆಗ ಸಲ್ಲದ ನಡತೆ. ಹಾಗಾಗಿ ಇದು ಯಾರಿಗೂ ತೋರಿಸಲಾಗದ ಪತ್ರ. ಒಪ್ಪಂದಕ್ಕೆ ಇದರಿಂದ ಏನೂ ಉಪಯೋಗವಿಲ್ಲ, ಆದರೂ ಬರೆಯುತ್ತಾಳೆ. ಇಲ್ಲಿ ‘ಸೋಗು ಕಳಚಿತು’ ಅಂತ ಬರೆದರೆ ಬಣ್ಣ ಬಯಲಾಯ್ತು, ಒಳಗೆ ಪ್ರೀತಿಯೇ ಇರಲಿಲ್ಲ ಅನ್ನುವ ಅರ್ಥ ಬಂದುಬಿಡುತ್ತದೆ. ‘ಹುಸಿ ದಿಟವಾಯ್ತು’ ಅಂದರೆ ಎರಡೇ ಪದದಲ್ಲಿ ಎಲ್ಲ ಬಂತು, ಅಲ್ವಾ? ಅದಕ್ಕೇ ನನ್ನ ಒಲವು ‘ಹುಸಿಯೊಲವು’ ಕಡೆಗೆ. ಒಪ್ಪಂದದ ಅಧ್ಯಾಯದಲ್ಲಿ ಮಾತ್ರ ‘ಒಲವಿನ ಸೋಗು’ ಇಟ್ಟುಕೊಳ್ಳಬಹುದೇನೋ.

ಕ್ರಿಯಾಪದ ಇನ್ನೂ ಸಿಕ್ಕಿಲ್ಲ. ‘ಒಲಿಸಿಕೊಂಡ’ ಅಂದರೆ ಅವಳು ಒಲಿದಾಯ್ತು, ಕೆಲಸ ಮುಗಿದ ಹಾಗೆ. ನನಗೆ ಬೇಕಾದ್ದು ಇನ್ನೂ ನಡೆಯುತ್ತಿರುವ ಪ್ರಯತ್ನ. ‘ಓಲೈಸು’ ತುಂಬ ಇಷ್ಟವಾಯಿತು. ಅದು ‘ಓಲಗ’ದ, ಅಂದರೆ ರಾಜಸಭೆಯ ನಂಟಿನ ಪದ, ಇಂಗ್ಲಿಷಿನವರ ಪದವೂ ಅರಮನೆಯ ‘ಕೋರ್ಟ್’ನಿಂದಲೇ ಬಂದದ್ದು. ಆದರೆ ಈಗ ಪೇಪರಿನಲ್ಲಿ ದಿನಾ ‘ಮತದಾರರ ಓಲೈಕೆ’ ಓದುವವರಿಗೆ ಅದರಲ್ಲಿ ಪ್ರೀತಿ ಕಾಣುತ್ತದೆಯೇ? ಗಂಡು ಹೆಣ್ಣಿನ ಮನಸ್ಸು ಗೆಲ್ಲಲು ನಾಲ್ಕು ಜನರ ಎದುರೇ, ಮರ್ಯಾದೆಯಿಂದ ನಡೆದುಕೊಳ್ಳುವುದಕ್ಕೆ ನಿಮ್ಮ ಕಡೆ ಯಾವುದಾದರೂ ಆಡುಮಾತು ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ದಯವಿಟ್ಟು ಬರೆಯಿರಿ.